ಆಫೀಸ್ ಡಬ್ಬಿ: ಸಾರು ಸೋರದ ಹಾಗೆ, ಮೊಸರನ್ನ ಹುಳಿಯಾಗದ ಹಾಗೆ ಒಯ್ಯೋದು ಹೇಗೆ?

ಇಡ್ಲಿಬಟ್ಟಲು
ನಮ್ಮ ಟೀಮಿನಲ್ಲಿ ಐದು ಜನ ಸೇರಿ ಮನೆಯಿಂದಲೇ ಡಬ್ಬಿ ತಂದು ಹಂಚಿಕೊಂಡು ಊಟ ಮಾಡೋದು ಅಂತ ಶುರು ಮಾಡಿದೀವಿ. ಎಲ್ಲರೂ ಬೆಂಗಳೂರಲ್ಲಿ ರೂಮ್ ಮಾಡ್ಕೊಂಡಿರೋರು. ಬೆಳಗ್ಗೆ 7ಕ್ಕೆ ಅಡುಗೆ, 8ಕ್ಕೆ ಬಸ್ಸೋ ಮೆಟ್ರೋನೋ, ಊಟ ಒಂದೂಕಾಲಿಗೆ. ಡಬ್ಬಿ ಮುಚ್ಚಿ ಐದಾರು ಗಂಟೆ ಆದ್ಮೇಲೇನೇ ತೆಗೆಯೋದು.

ತೊಂದರೆಗಳು ಹೀಗಿವೆ: ಸಾರು ಸೋರಿ ಬ್ಯಾಗೆಲ್ಲಾ ಅರಿಶಿನ. ಮೊಸರನ್ನ ಹುಳಿ. ಚಪಾತಿ ಮಧ್ಯಾಹ್ನದ ಹೊತ್ತಿಗೆ ಹಪ್ಪಳ. ಬಿಸಿಬೇಳೆಬಾತ್ ಚಮಚ ನೆಟ್ಟಗೆ ನಿಲ್ಲೋಷ್ಟು ಗಟ್ಟಿ. ಮೈಕ್ರೋವೇವ್ ಒಂದೇ ಇದೆ, ಅದರ ಮುಂದೆ ಉದ್ದ ಸಾಲು. ಇನ್ನೊಂದು, ಯಾರು ಎಷ್ಟು ತರಬೇಕು ಅನ್ನೋದರಲ್ಲಿ ಸಣ್ಣ ಸಣ್ಣ ಮನಸ್ತಾಪ ಶುರುವಾಗ್ತಿದೆ. ದಿನಾ ಡಬ್ಬಿ ಕಟ್ಟೋರು ಸರಿಯಾದ ಅಳತೆ, ವಿಧಾನ ಹೇಳಿ.

ಕುಕ್ಕರ್_ಕೂಗು
ಸೋರೋದರಿಂದ ಶುರು ಮಾಡೋಣ. ಮೊದಲು ನಿಮ್ಮ ಡಬ್ಬಿ ಯಾವುದು ಅಂತ ನೋಡಿ. ಪಕ್ಕದಲ್ಲಿ ಕೊಂಡಿ ಇರೋ ಎರಡು–ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಆದ್ರೆ ಹೆಚ್ಚಿನವಕ್ಕೆ ರಬ್ಬರ್ ರಿಂಗ್ ಇರಲ್ಲ. ಅದು ಅನ್ನ, ಪಲ್ಯ, ಚಪಾತಿಗೆ ಮಾಡಿದ್ದು. ಅದರಲ್ಲಿ ತಿಳಿಸಾರು ಹಾಕಿ ಬಿಎಂಟಿಸಿ ಬಸ್ಸಲ್ಲಿ ನಿಂತರೆ ಸೋರೇ ಸೋರುತ್ತೆ.

ಸಾರಿಗೆ ಬೇರೆಯದೇ ಡಬ್ಬಿ ಬೇಕು. ತಿರುಪು ಮುಚ್ಚಳದ್ದು ಅಥವಾ ನಾಲ್ಕು ಕಡೆ ಕ್ಲಿಪ್ ಇರೋದು, ಒಳಗೆ ಸಿಲಿಕೋನ್ ರಿಂಗ್ ಇರಲೇಬೇಕು. ಮುಕ್ಕಾಲು ಭಾಗ ಮಾತ್ರ ತುಂಬಿ. ಮುಚ್ಚೋ ಮುಂಚೆ ಬಾಯಿಯ ಸುತ್ತ ಒಣಬಟ್ಟೆಯಲ್ಲಿ ಒರೆಸಿ. ಒಂದು ಅಗುಳು ಅನ್ನ, ಒಂದು ಕರಿಬೇವಿನ ಎಲೆ ರಿಂಗ್ ಮೇಲೆ ಕೂತರೂ ಅಲ್ಲಿಂದಲೇ ದಾರಿ ಮಾಡ್ಕೊಳ್ಳುತ್ತೆ.

ಬನಶಂಕರಿ_ಬಸ್
ಹೊಸ ಡಬ್ಬಿ ತಂದ ದಿನವೇ ಪರೀಕ್ಷೆ ಮಾಡಿ. ನೀರು ತುಂಬಿ, ಹಳೇ ಪೇಪರ್ ಮೇಲೆ ಹತ್ತು ನಿಮಿಷ ಮಗುಚಿ ಇಡಿ.

ಕುಕ್ಕರ್_ಕೂಗು
@ಬನಶಂಕರಿ_ಬಸ್ ತಣ್ಣೀರಲ್ಲಿ ಮಾತ್ರ ಮಾಡಿದ್ರೆ ಸಾಲದು. ಬಿಸಿನೀರು ಹಾಕಿಯೂ ಮಾಡಬೇಕು. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಮುಚ್ಚಳವನ್ನ ಮೇಲಕ್ಕೆ ತಳ್ಳುತ್ತೆ. ತಣ್ಣೀರಿಗೆ ಸೋರದ ಎಷ್ಟೋ ಡಬ್ಬಿಗಳು ಬಿಸಿಸಾರಿಗೆ ಸೋರುತ್ತವೆ. ಬಿಸಿನೀರಿನ ಪರೀಕ್ಷೆ ಮಾಡುವಾಗ ಬಚ್ಚಲಲ್ಲೋ ಸಿಂಕಲ್ಲೋ ಮಾಡಿ, ಕೈ ಸುಟ್ಟುಕೊಳ್ಳಬೇಡಿ.

ಗಿರ್ಮಿಟ್
ಅಲ್ರೀ, ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ? ಕಟಕ್ ರೊಟ್ಟಿ ಒಯ್ಯರಿ. ಜ್ವಾಳದ ರೊಟ್ಟಿ ಬಡದು, ಬೇಯಿಸಿ, ಆಮ್ಯಾಲೆ ಪೂರ್ತಿ ಒಣಗೋ ಹಂಗ ಆರಿಸಿ ಇಟ್ರ ತಿಂಗಳಗಟ್ಲೆ ಏನೂ ಆಗಂಗಿಲ್ಲ. ಜೋಡಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಒಂದ್ ಉಳ್ಳಾಗಡ್ಡಿ. ಸೋರೂದೂ ಇಲ್ಲ, ಹಳಸೂದೂ ಇಲ್ಲ, ಮೈಕ್ರೋವೇವ್ ಮುಂದ ಪಾಳಿ ಹಚ್ಚೂದೂ ಇಲ್ಲ.

ಇಡ್ಲಿಬಟ್ಟಲು
@ಗಿರ್ಮಿಟ್ ರೊಟ್ಟಿ ಬ್ಯಾಗಲ್ಲಿ ಪುಡಿಯಾಗಲ್ವಾ?

ಗಿರ್ಮಿಟ್
ರೊಟ್ಟಿ ಅಗಲ ಇರ್ತೈತಿ, ಡಬ್ಬಿ ಸಣ್ಣದು. ಅದಕ್ಕ ಮನ್ಯಾಗ ನಾಲ್ಕು ತುಂಡು ಮಾಡಿ, ಒಣಾ ಸ್ಟೀಲ್ ಡಬ್ಬ್ಯಾಗ ಪೇಪರ್ ಕರವಸ್ತ್ರ ಹಾಸಿ ಇಡ್ರಿ. ಹಸಿ ಡಬ್ಬ್ಯಾಗ ಇಟ್ರ ಮೆತ್ತಗಾಗಿ ಜಬ್ಬಾಗತೈತಿ. ಪಲ್ಯ ಬೇಕಂದ್ರ ಎಣ್ಣೆಗಾಯಿ ಮಾಡ್ರಿ. ಶೇಂಗಾ ಪುಡಿ, ಎಳ್ಳು ಹಾಕಿ ಗಟ್ಟಿ ಮಾಡಿದ್ರ ಡಬ್ಬಿ ಮಗಚಿದ್ರೂ ಹರಿಯಂಗಿಲ್ಲ.

ಒಗ್ಗರಣೆ_ಚಟ್‌ಪಟ್
ಮೊಸರನ್ನದ ಬಗ್ಗೆ. ಹುಳಿಯಾಗೋದಕ್ಕೆ ಕಾರಣ ಮೊಸರು ಜಾಸ್ತಿ ಹಾಕೋದು, ಅದರಲ್ಲೂ ಅನ್ನ ಬಿಸಿ ಇರುವಾಗಲೇ ಹಾಕೋದು. ಡಬ್ಬಿಗೆ ಕಟ್ಟೋ ಮೊಸರನ್ನಕ್ಕೆ ಮುಖ್ಯ ಸಾಮಾನು ಹಾಲು. ಮೊಸರು ಹೆಪ್ಪಿಗೆ ಮಾತ್ರ.

ಒಂದು ಲೋಟ ಅಕ್ಕಿಗೆ ಮೂರೂವರೆ ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ. ಬಿಸಿಯಲ್ಲೇ ಸೌಟಿನಿಂದ ಚೆನ್ನಾಗಿ ಹಿಸುಕಿ. ಕಾಯಿಸಿದ ಹಾಲು ಒಂದೂವರೆ ಲೋಟ ಸುರಿದು ಕಲಸಿ, ಅಗಲ ತಟ್ಟೆಗೆ ಹಾಕಿ ಫ್ಯಾನಿನ ಕೆಳಗಿಡಿ. ಬೆರಳಿಟ್ಟರೆ ಉಗುರುಬೆಚ್ಚಗೆ ಅನ್ನಿಸಿದಾಗ ಎರಡು ಚಮಚ ಗಟ್ಟಿ ಮೊಸರು, ಉಪ್ಪು ಹಾಕಿ. ಬೆಳಗ್ಗೆ ನೋಡಿದ್ರೆ ಇದೇನು ಪಾಯಸದ ಥರ ನೀರಾಗಿದೆ ಅನ್ಸುತ್ತೆ, ಹಾಗೇ ಇರಬೇಕು. ಅನ್ನ ಹಾಲನ್ನ ಹೀರಿಕೊಂಡು, ಹಾಲು ಹೆಪ್ಪಾಗಿ, ಊಟದ ಹೊತ್ತಿಗೆ ಸಿಹಿ ಮೊಸರನ್ನ ಸಿದ್ಧ.

ಮಾರ್ಚ್‌ನಿಂದ ಮೇವರೆಗೆ ಹೆಪ್ಪು ಒಂದೇ ಚಮಚ ಸಾಕು. ಡಿಸೆಂಬರ್ ಚಳಿಯಲ್ಲಿ ಮೂರು–ನಾಲ್ಕು ಚಮಚ ಬೇಕಾಗುತ್ತೆ.

ಪೀಜಿ_ವಾಸಿ
ಹಾಲು ಹಾಕಿ ಐದಾರು ಗಂಟೆ ಹೊರಗಿಟ್ರೆ ಒಡೆಯಲ್ವಾ?

ಒಗ್ಗರಣೆ_ಚಟ್‌ಪಟ್
ಹೆಪ್ಪು ಹಾಕದೇ ಇಟ್ರೆ ಕೆಡುತ್ತೆ. ಹೆಪ್ಪು ಹಾಕಿದ್ರೆ ಮೊಸರಿನ ಬ್ಯಾಕ್ಟೀರಿಯಾ ಮುಂದೆ ಹೋಗಿ ಅದನ್ನ ಮೊಸರು ಮಾಡುತ್ತೆ, ನಾವು ರಾತ್ರಿ ಹೆಪ್ಪಿಡೋದೂ ಇದೇ ತಾನೆ. ಹಾಲನ್ನ ಕಾಯಿಸಿರಲೇಬೇಕು, ಅಷ್ಟೇ.

ಮಲ್ನಾಡ್_ಮಳೆ
ಹಸಿ ಶುಂಠಿ ಹಾಕ್ತೀರಾದ್ರೆ ಒಗ್ಗರಣೆಯಲ್ಲಿ ಹುರಿದೇ ಹಾಕಿ. ಹಸಿ ಶುಂಠಿಯ ರಸದಲ್ಲಿ ಹಾಲಿನ ಪ್ರೋಟೀನನ್ನ ಒಡೆಯೋ ಕಿಣ್ವ ಇದೆ. ಹಾಲಲ್ಲಿ ಗಂಟೆಗಟ್ಟಲೆ ಕೂತರೆ ಕಹಿ ಬರುತ್ತೆ. ಬಿಸಿ ಎಣ್ಣೆಗೆ ಬಿದ್ದರೆ ಆ ಗುಣ ಹೋಗುತ್ತೆ. ಸೌತೆಕಾಯಿ ನೀರು ಬಿಡುತ್ತೆ, ಹಸಿ ಈರುಳ್ಳಿ ವಾಸನೆ ಬರಿಸುತ್ತೆ. ಇವೆರಡನ್ನೂ ಬೇರೆ ಪುಟ್ಟ ಡಬ್ಬಿಯಲ್ಲಿ ಒಯ್ದು ಊಟಕ್ಕೆ ಮುಂಚೆ ಬೆರೆಸಿ. ದಾಳಿಂಬೆ, ದ್ರಾಕ್ಷಿಯೂ ಹಾಗೇ.

ನೀರ್‌ದೋಸೆ
ಚಟ್ನಿ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಹಸಿ ತೆಂಗಿನಕಾಯಿ ಚಟ್ನಿ ಬೇಸಿಗೆಯಲ್ಲಿ ಮಧ್ಯಾಹ್ನದವರೆಗೆ ನಿಲ್ಲುವುದಿಲ್ಲ. ಬೇಕೇ ಬೇಕು ಅಂತಾದ್ರೆ ಕಾಯಿ ಕಡಿಮೆ, ಹುರಿಗಡಲೆ ಜಾಸ್ತಿ ಹಾಕಿ. ಕಾಯಿತುರಿಯನ್ನು ಬಾಣಲೆಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿ, ಹುಣಸೆಹಣ್ಣು ಸೇರಿಸಿ, ಕುದಿಸಿ ಆರಿಸಿದ ನೀರಲ್ಲಿ ಗಟ್ಟಿಯಾಗಿ ರುಬ್ಬಿ. ಇಲ್ಲದಿದ್ರೆ ಚಟ್ನಿಪುಡಿ ಒಯ್ಯುವುದೇ ಒಳ್ಳೆಯದು.

ನೀರುದೋಸೆ ಒಂದರ ಮೇಲೊಂದು ಬಿಸಿಯಲ್ಲಿ ಇಟ್ರೆ ಅಂಟಿ ಮುದ್ದೆ ಆಗ್ತದೆ. ತ್ರಿಕೋನ ಮಡಚಿ, ಬಿಡಿಬಿಡಿಯಾಗಿ ಆರಿಸಿ, ಬೆಂಕಿಯಲ್ಲಿ ಬಾಡಿಸಿದ ಬಾಳೆಲೆ ತುಂಡು ಮಧ್ಯೆ ಇಟ್ಟು ಜೋಡಿಸಿ.

ಲ್ಯಾಬ್_ಕೋಟ್
ಇಲ್ಲಿ ಒಂದು ವಿಷಯ ಎಲ್ಲರೂ ಗಮನಿಸಬೇಕು. ಬೇಯಿಸಿದ ಅನ್ನವನ್ನ ಹಬೆಯಾಡುವಾಗಲೇ ತುಂಬಿ, ಮುಚ್ಚಿ, ಬ್ಯಾಗಿನೊಳಗಿಟ್ಟರೆ ಅದು ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ. ಬ್ಯಾಕ್ಟೀರಿಯಾ ಬೆಳೆಯೋಕೆ ಅದೇ ಪ್ರಶಸ್ತ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಇರ್ತವೆ, ಅಡುಗೆಯ ಕುದಿತಕ್ಕೂ ಅವು ಸಾಯಲ್ಲ. ಅನ್ನ ಬೆಚ್ಚಗಿರುವಾಗ ಮೊಳೆತು ಬೆಳೆದು ವಿಷ ಬಿಡ್ತವೆ. ವಾಂತಿ ಬರಿಸೋ ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ‘ಮೈಕ್ರೋವೇವ್‌ನಲ್ಲಿ ಬಿಸಿ ಮಾಡ್ತೀನಲ್ಲ’ ಅಂತ ಧೈರ್ಯ ಮಾಡೋ ಹಾಗಿಲ್ಲ.

ನಿಯಮ ಸರಳ: ಆಹಾರ 60 ಡಿಗ್ರಿಗಿಂತ ಮೇಲಿರಲಿ, ಇಲ್ಲವೇ 5 ಡಿಗ್ರಿಗಿಂತ ಕೆಳಗಿರಲಿ. ಅಗಲ ತಟ್ಟೆಯಲ್ಲಿ ಹರಡಿ ಹದಿನೈದು ನಿಮಿಷ ಆರಿಸಿ, ಡಬ್ಬಿಗೆ ಹಾಕಿ, ಆಫೀಸ್ ತಲುಪಿದ ತಕ್ಷಣ ಫ್ರಿಜ್‌ನಲ್ಲಿಡಿ. ಕುರ್ಚಿ ಪಕ್ಕ ಬ್ಯಾಗಲ್ಲೇ ಬಿಟ್ಟು ಮೀಟಿಂಗ್‌ಗೆ ಹೋಗಬೇಡಿ.

ಅಜ್ಜಿಮನೆ_ಅಡುಗೆ
@ಲ್ಯಾಬ್_ಕೋಟ್ ತಲೆತಲಾಂತರದಿಂದ ಬುತ್ತಿ ಕಟ್ಟಿಕೊಂಡು ಹೊಲಕ್ಕೆ, ಜಾತ್ರೆಗೆ ಹೋಗ್ತಾ ಇದ್ದೋರು ನಾವು. ಆಗೆಲ್ಲಿತ್ತು ಫ್ರಿಜ್ಜು?

ಲ್ಯಾಬ್_ಕೋಟ್
ಅವರು ಏನು ಕಟ್ತಿದ್ರು ಅಂತ ನೋಡಿ ಅಮ್ಮ. ಪುಳಿಯೋಗರೆ, ಮೊಸರು ಬುತ್ತಿ, ರೊಟ್ಟಿ, ಚಟ್ನಿಪುಡಿ. ಒಂದರಲ್ಲಿ ಹುಣಸೆ, ಇನ್ನೊಂದರಲ್ಲಿ ಮೊಸರಿನ ಹುಳಿ, ಉಳಿದವು ಒಣ. ಹುಳಿ, ಉಪ್ಪು, ಒಣಗು ಇವು ಬ್ಯಾಕ್ಟೀರಿಯಾವನ್ನ ತಡೀತವೆ. ಕಟ್ತಿದ್ದಿದ್ದೂ ಬಟ್ಟೆಯಲ್ಲೋ ಎಲೆಯಲ್ಲೋ, ಗಾಳಿ ಆಡ್ತಿತ್ತು. ನಾವು ಬೇಳೆ ಖಿಚಡಿಯನ್ನ ಗಾಳಿ ಆಡದ ಡಬ್ಬಿಗೆ ಬಿಸಿಯಲ್ಲೇ ತುಂಬ್ತೀವಿ. ಅವರ ಪದ್ಧತಿ ಸರಿಯಾಗೇ ಇತ್ತು, ನಾವು ಡಬ್ಬಿ ಬದಲಾಯಿಸಿ ಪದ್ಧತಿ ಬಿಟ್ವಿ.

ಅಜ್ಜಿಮನೆ_ಅಡುಗೆ
ಅದು ಒಪ್ಪೋ ಮಾತು. ಹಾಗಾದ್ರೆ ಪುಳಿಯೋಗರೆಗೆ ಒಂದು ಸೇರಿಸ್ತೀನಿ: ಗೊಜ್ಜು ಭಾನುವಾರವೇ ಮಾಡಿ. ಎಣ್ಣೆ ಮೇಲೆ ತೇಲಿ ಬರೋವರೆಗೂ ಕುದಿಸಿ ಇಳಿಸಬೇಕು, ಅಲ್ಲಿವರೆಗೂ ನೀರಿನಂಶ ಇರುತ್ತೆ. ಒಣ ಚಮಚದಲ್ಲೇ ತೆಗೀರಿ. ಬೆಳಗ್ಗೆ ಅನ್ನ ಆರಿಸಿ, ಒಬ್ಬರಿಗೆ ಎರಡು ಊಟದ ಚಮಚ ಗೊಜ್ಜು ಕಲಸಿದ್ರೆ ಮುಗೀತು. ಅನ್ನಕ್ಕೆ ಹಳೇ ಅಕ್ಕಿ ಬಳಸಿ, ಉದುರುದುರಾಗುತ್ತೆ. ಹೊಸ ಅಕ್ಕಿ ಅಂಟು, ಅದು ಮೊಸರನ್ನಕ್ಕೆ ಚೆಂದ.

ಚಿತ್ರಾನ್ನಕ್ಕೆ ನಿಂಬೆರಸ ಒಲೆ ಆರಿಸಿ, ಒಗ್ಗರಣೆ ಬಿಸಿ ಇಳಿದ ಮೇಲೆ ಹಿಂಡಿ. ಬಾಣಲೆಯ ಬಿಸಿಗೆ ಹಿಂಡಿದ್ರೆ, ಬೀಜ ಬಿದ್ರೆ ಮಧ್ಯಾಹ್ನಕ್ಕೆ ಕಹಿ.

ಕುಕ್ಕರ್_ಕೂಗು
ಆರಿಸಿ ಹಾಕೋದರಿಂದ ಇನ್ನೊಂದು ಲಾಭ ಇದೆ. ಬಿಸಿಯಲ್ಲಿ ಬಿಗಿಯಾಗಿ ಮುಚ್ಚಿದ ಡಬ್ಬಿ ಮಧ್ಯಾಹ್ನ ತೆಗೆಯೋಕೇ ಬರಲ್ಲ ಅಂತಾರಲ್ಲ, ಅದು ಒಳಗಿನ ಹಬೆ ತಣಿದು ನೀರಾಗಿ ಒಳಗೆ ಒತ್ತಡ ಕಡಿಮೆಯಾಗೋದರಿಂದ. ಹೊರಗಿನ ಗಾಳಿ ಮುಚ್ಚಳವನ್ನ ಅದುಮಿ ಹಿಡಿದಿರುತ್ತೆ. ಚಮಚ ತೂರಿಸಿ ಮೀಟಬೇಡಿ, ಅಂಚು ಸೊಟ್ಟಗಾದ್ರೆ ಮತ್ತೆ ಯಾವತ್ತೂ ಸರಿಯಾಗಿ ಕೂರಲ್ಲ. ಪ್ಯಾಂಟ್ರಿಯಲ್ಲಿ ಒಂದು ಅಗಲ ಬಟ್ಟಲಿಗೆ ಬಿಸಿನೀರು ಹಾಕಿ ಡಬ್ಬಿಯ ತಳ ಮುಳುಗೋ ಹಾಗೆ ಎರಡು–ಮೂರು ನಿಮಿಷ ಇಡಿ. ಒಳಗಿನ ಗಾಳಿ ಹಿಗ್ಗಿ ತಾನಾಗಿಯೇ ಸಡಿಲ ಆಗುತ್ತೆ.

ಚಪಾತಿ_ಲಟ್ಟಣಿಗೆ
ಚಪಾತಿ ಗಟ್ಟಿಯಾಗೋಕೆ ಮೂರು ಕಡೆ ತಪ್ಪಾಗುತ್ತೆ: ಹಿಟ್ಟು ಗಟ್ಟಿ ಕಲಸೋದು, ನೆನೆಯೋಕೆ ಬಿಡದೇ ಇರೋದು, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸೋದು. ಎರಡು ಲೋಟ ಗೋಧಿಹಿಟ್ಟಿಗೆ ಸುಮಾರು ಒಂದು ಲೋಟ ಬೆಚ್ಚನೆ ನೀರು ಹಿಡಿಯುತ್ತೆ. ಹಿಟ್ಟಿನ ಮೇಲೆ ಹೆಚ್ಚುಕಡಿಮೆ ಆಗುತ್ತೆ, ಅದಕ್ಕೇ ಮುಕ್ಕಾಲು ಲೋಟ ಹಾಕಿ ಆಮೇಲೆ ಚಿಮುಕಿಸ್ತಾ ಹೋಗಿ. ಒಂದು ಚಮಚ ಎಣ್ಣೆ. ಐದು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಕಾವಲಿ ಚೆನ್ನಾಗಿ ಕಾದಿರಬೇಕು, ಒಂದು ಚಪಾತಿಗೆ ಒಂದು ನಿಮಿಷದ ಆಸುಪಾಸು ಸಾಕು.

ಬೆಂದದ್ದನ್ನ ಹಾಟ್‌ಬಾಕ್ಸ್‌ಗೆ ನೇರ ಹಾಕಿದ್ರೆ ಬೆವರಿ ತಳದವು ಒದ್ದೆ. ತಟ್ಟೆ ಮೇಲೆ ಅರ್ಧ ನಿಮಿಷ ಹಬೆ ಹೋಗೋಕೆ ಬಿಟ್ಟು, ಎರಡು ಹನಿ ತುಪ್ಪ ಸವರಿ, ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಚಪಾತಿ ಡಬ್ಬಿಯನ್ನ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಫ್ರಿಜ್‌ನ ತಂಪಿನಲ್ಲಿ ಪಿಷ್ಟ ಇನ್ನೂ ಬೇಗ ಗಟ್ಟಿಯಾಗುತ್ತೆ.

ಪೀಜಿ_ವಾಸಿ
ಸೈನ್ಯಕ್ಕೆ ಕೆಡದೇ ಇರೋ ಚಪಾತಿ ಕೊಡ್ತಾರಂತಲ್ಲ, ನಿಜಾನಾ?

ಚಪಾತಿ_ಲಟ್ಟಣಿಗೆ
ನಿಜ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗೆ ಅಂತಲೇ ತಿಂಗಳುಗಟ್ಟಲೆ ಇಡಬಹುದಾದ ಚಪಾತಿ ಮಾಡಿದೆ. ಆ ಸಂಸ್ಥೆ 1961ರಲ್ಲಿ ಶುರುವಾದದ್ದು. ಅಲ್ಲಿ ಸಂರಕ್ಷಕ, ವಿಶೇಷ ಪೊಟ್ಟಣ ಎಲ್ಲಾ ಇರುತ್ತೆ. ನಮಗೆ ಬೇಕಿರೋದು ಆರು ಗಂಟೆ, ಎಣ್ಣೆ ಮತ್ತು ಹತ್ತಿಬಟ್ಟೆ ಸಾಕು.

ಬನಶಂಕರಿ_ಬಸ್
ಬಿಸಿಬೇಳೆಬಾತ್‌ಗೆ: ಮನೆಯಲ್ಲಿ ತಿನ್ನೋದಕ್ಕಿಂತ ತೆಳ್ಳಗೆ ಮಾಡಿ. ಒಂದು ಡಬ್ಬಿಗೆ ಇನ್ನೂ ಅರ್ಧ ಲೋಟ ಕುದಿಯೋ ನೀರು ಸೇರಿಸಿ, ಉಪ್ಪು ಹುಳಿ ಸರಿಮಾಡಿ ಇಳಿಸಿ. ಊಟಕ್ಕೆ ಮುಂಚೆ ಬಿಸಿ ಮಾಡುವಾಗ ಎರಡು ಚಮಚ ನೀರು, ಒಂದು ಚಮಚ ತುಪ್ಪ. ಖಾರಾಬೂಂದಿ ಬೇರೆ ಪೊಟ್ಟಣದಲ್ಲಿ.

ದೂರದ_ಡಬ್ಬಿ
ಜರ್ಮನಿಯಲ್ಲಿದೀನಿ. ಇಲ್ಲಿನ ಆಫೀಸಿಗೆ ನಿರ್ವಾತ ಫ್ಲಾಸ್ಕ್ ಡಬ್ಬಿ ಬಹಳ ಅನುಕೂಲ. ಆದ್ರೆ ಬಳಸೋ ಕ್ರಮ ಇದೆ. ಮೊದಲು ಕುದಿಯೋ ನೀರು ತುಂಬಿ ಹತ್ತು ನಿಮಿಷ ಮುಚ್ಚಿಡಿ, ಸುರಿದು ತಕ್ಷಣ ಕುದಿಕುದಿ ಸಾರು ಅಥವಾ ಬಾತ್ ತುಂಬಿ. ಕಂಠದವರೆಗೂ ತುಂಬಿ, ಅರ್ಧ ಖಾಲಿ ಬಿಟ್ರೆ ಬೇಗ ತಣಿಯುತ್ತೆ.

ಒಗ್ಗರಣೆ_ಚಟ್‌ಪಟ್
@ದೂರದ_ಡಬ್ಬಿ ಅದರಲ್ಲಿ ಮೊಸರನ್ನ ಬೇಡ ಅಂತಾನೂ ಹೇಳಿ. ಉಗುರುಬೆಚ್ಚಗಿನ ಮೊಸರನ್ನ ಫ್ಲಾಸ್ಕಲ್ಲಿಟ್ಟರೆ ಆ ಬೆಚ್ಚಗೆ ಹಾಗೇ ಉಳಿದು ಬೇಗ ಹುಳಿ ಬರುತ್ತೆ.

ನೀರ್‌ದೋಸೆ
ಫ್ಲಾಸ್ಕಿಗೆ ಕುಚ್ಚಲಕ್ಕಿ ಗಂಜಿ ಒಳ್ಳೆದುಂಟು. ಕುದಿಯುವಾಗಲೇ ತುಂಬಿ. ಜತೆಗೆ ಉಪ್ಪಿನಕಾಯಿ, ಒಂದು ಪಲ್ಯ.

ಕ್ಯೂಬಿಕಲ್_7
ಮೈಕ್ರೋವೇವ್ ಸಾಲಿಗೆ ಪರಿಹಾರ: ಡಬ್ಬಿಯಲ್ಲಿ ಗುಪ್ಪೆ ಹಾಕಿ ಬಿಸಿ ಮಾಡಬೇಡಿ. ಗಾಜಿನ ಅಥವಾ ಪಿಂಗಾಣಿ ತಟ್ಟೆಗೆ ಹಾಕಿ, ನಡುವೆ ಗುಂಡಿ ಮಾಡಿ ಅಂಚಿಗೆ ಹರಡಿ. ಮೈಕ್ರೋವೇವ್ ಅಲೆಗಳು ಆಹಾರದೊಳಗೆ ಒಂದೆರಡು ಸೆಂಟಿಮೀಟರ್‌ನಷ್ಟೇ ಇಳೀತವೆ, ಗುಪ್ಪೆಯ ನಡುಭಾಗ ತಣ್ಣಗೇ ಉಳಿಯುತ್ತೆ. ಹರಡಿದ್ರೆ ಒಂದೂವರೆ ನಿಮಿಷದಲ್ಲಿ ಆಗೋದು ಗುಪ್ಪೆಯಲ್ಲಿ ಮೂರು ನಿಮಿಷ ತಿನ್ನುತ್ತೆ. ಅನ್ನದ ಮೇಲೆ ಒಂದು ಚಮಚ ನೀರು ಚಿಮುಕಿಸಿ, ಇನ್ನೊಂದು ತಟ್ಟೆ ಮುಚ್ಚಿ. ಒಳಗೆಲ್ಲಾ ಸಿಡಿಯೋದೂ ತಪ್ಪುತ್ತೆ.

ಸ್ಟೀಲ್ ಡಬ್ಬಿ, ಅಲ್ಯೂಮಿನಿಯಂ ಫಾಯಿಲ್, ಜರಿ ಅಂಚಿನ ಪಿಂಗಾಣಿ ಒಳಗೆ ಹೋಗಬಾರದು, ಕಿಡಿ ಬರುತ್ತೆ. ಮೆಲಮೈನ್ ತಟ್ಟೆಯೂ ಬೇಡ. ಪ್ಲಾಸ್ಟಿಕ್ ಆದ್ರೆ ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದೆಯಾ, ಮೈಕ್ರೋವೇವ್ ಗುರುತು ಇದೆಯಾ ನೋಡಿ. ಬೇಯಿಸಿದ ಮೊಟ್ಟೆಯನ್ನ ಇಡಿಯಾಗಿ ಬಿಸಿ ಮಾಡಬೇಡಿ, ಒಡೆದು ಮುಖಕ್ಕೇ ಹಾರಬಹುದು. ಹೆಚ್ಚಿ ಹಾಕಿ.

ಹೆಸರಿಲ್ಲ_ಸದ್ಯಕ್ಕೆ
ಮೀನು, ಮೊಟ್ಟೆ ಬಿಸಿ ಮಾಡೋರಿಗೆ ಬೇರೆ ಮೈಕ್ರೋವೇವ್ ಕೊಟ್ರೆ ಅರ್ಧ ಸಮಸ್ಯೆ ಮುಗಿಯುತ್ತೆ.

ನೀರ್‌ದೋಸೆ
@ಹೆಸರಿಲ್ಲ_ಸದ್ಯಕ್ಕೆ ಮೂಲಂಗಿ ಹುಳಿ, ಎಲೆಕೋಸಿನ ಪಲ್ಯಕ್ಕೆ ವಾಸನೆ ಇಲ್ವಾ? ಅದಕ್ಕೂ ಬೇರೆ ಕೊಡ್ತೀರಾ? ಒಬ್ಬರ ಮನೆ ಊಟವನ್ನು ನಾತ ಅಂತ ಕರೆಯುವುದು ಸರಿಯಲ್ಲ.

ಹೆಸರಿಲ್ಲ_ಸದ್ಯಕ್ಕೆ
ನಾತ ಅಂತ ನಾನು ಅಂದಿಲ್ಲ. ಸಸ್ಯಾಹಾರಿಗಳಿಗೂ ಅವರದ್ದೇ ಆದ ಕಷ್ಟ ಇದೆ ಅಂತ ಹೇಳಿದ್ದು.

ಕ್ಯೂಬಿಕಲ್_7
ಇಬ್ಬರಿಗೂ ಆಗೋ ದಾರಿ ಇದೆ. ಮುಚ್ಚಿ ಬಿಸಿ ಮಾಡೋದು, ಸಿಡಿದದ್ದನ್ನ ಬಿಸಿಬಿಸಿ ಇರುವಾಗಲೇ ಒರೆಸೋದು. ಮರುದಿನದವರೆಗೆ ಉಳಿಯೋ ವಾಸನೆ ಒಣಗಿ ಅಂಟಿಕೊಂಡ ಎಣ್ಣೆಯದ್ದು, ಅದು ಸಾಂಬಾರಿನದ್ದೂ ಆಗಿರಬಹುದು. ಊಟದ ಹೊತ್ತು ಮುಗಿದ ಮೇಲೆ ಒಂದು ಬಟ್ಟಲು ನೀರಿಗೆ ಎರಡು ಹೋಳು ನಿಂಬೆ ಹಾಕಿ ಮೂರು ನಿಮಿಷ ಓಡಿಸಿ, ಇನ್ನೆರಡು ನಿಮಿಷ ಬಾಗಿಲು ತೆಗೆಯದೆ ಬಿಟ್ಟು ಒರೆಸಿದ್ರೆ ಒಳಗೆಲ್ಲಾ ಶುಭ್ರ. ಬಟ್ಟಲಲ್ಲಿ ಒಂದು ಮರದ ಚಮಚ ಇಟ್ಟಿರಿ, ನೀರು ಒಮ್ಮೆಲೇ ಉಕ್ಕೋದು ತಪ್ಪುತ್ತೆ. ಮೀನಿನ ಸಾರಾದ್ರೆ ಫ್ಲಾಸ್ಕಲ್ಲಿ ಬಿಸಿಯಾಗೇ ತರಬಹುದು.

ನೀರ್‌ದೋಸೆ
ಇದು ಒಪ್ಪಿದೆ.

ಐಟಿ_ಟಿಕೆಟ್
ಸಾರು ಲ್ಯಾಪ್‌ಟಾಪ್ ಮೇಲೆ ಚೆಲ್ಲಿದ್ರೆ ಏನು ಮಾಡಬೇಕು ಅಂತಾನೂ ಇಲ್ಲೇ ಹೇಳಿಬಿಡ್ತೀನಿ. ಚಾರ್ಜರ್ ಕೀಳಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ, ‘ಸೇವ್ ಮಾಡ್ಕೋತೀನಿ’ ಅಂತ ಕಾಯಬೇಡಿ. ತೆರೆದು ಡೇರೆಯ ಆಕಾರದಲ್ಲಿ, ಕೀಬೋರ್ಡ್ ಕೆಳಮುಖವಾಗಿ ಟವೆಲ್ ಮೇಲೆ ನಿಲ್ಲಿಸಿ. ಮತ್ತೆ ಆನ್ ಮಾಡಿ ನೋಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಅಕ್ಕಿ ಡಬ್ಬದಲ್ಲಿ ಹೂಳಬೇಡಿ. ಸಾರಿನ ಉಪ್ಪು, ಹುಣಸೆ ಹುಳಿ ಒಣಗಿದ ಮೇಲೂ ಬೋರ್ಡನ್ನ ತಿನ್ನುತ್ತೆ. ಹೊರಗೆ ಒಣಗಿದ ಹಾಗೆ ಕಂಡ್ರೂ ಒಳಗೆ ತೊಳೆಸಲೇಬೇಕು.

ತಕ್ಷಣ ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ, ಏನು ಚೆಲ್ಲಿತು ಅಂತ ಇದ್ದದ್ದು ಇದ್ದ ಹಾಗೆ ಬರೀರಿ. ನೀರು ಅಂತ ಬರೆದ್ರೆ ಅವರು ಒಣಗಿಸಿ ಕೊಟ್ಟುಬಿಡ್ತಾರೆ, ತಿಂಗಳೊಳಗೆ ಕೀಲಿಗಳು ಕೈಕೊಡುತ್ತವೆ. ಮೊದಲಿಗೇ, ಡಬ್ಬಿ ಮತ್ತು ಲ್ಯಾಪ್‌ಟಾಪ್ ಒಂದೇ ಬ್ಯಾಗಲ್ಲಿ ಬೇಡ. ಲ್ಯಾಪ್‌ಟಾಪ್ ಬ್ಯಾಗ್ ನೆಟ್ಟಗಿರುತ್ತೆ, ಅದರಲ್ಲಿಟ್ಟ ಡಬ್ಬಿ ಪಕ್ಕಕ್ಕೆ ಮಲಗುತ್ತೆ. ತಳ ಅಗಲ ಇರೋ ಸಣ್ಣ ಕೈಚೀಲ ಬೇರೆ ಇಟ್ಕೊಳ್ಳಿ.

ಮಲ್ನಾಡ್_ಮಳೆ
ಬ್ಯಾಗಿನ ಅರಿಶಿನ ಕಲೆಗೆ: ಉಜ್ಜಬೇಡಿ, ಪೇಪರಲ್ಲಿ ಒತ್ತಿ ಹೀರಿಸಿ. ಮೊದಲು ಎಣ್ಣೆ ಹೋಗಬೇಕು, ಅದಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ನಾಲ್ಕು ಹನಿ ಹಾಕಿ ಬೆರಳಲ್ಲಿ ಮೆಲ್ಲಗೆ ತಿಕ್ಕಿ ತಣ್ಣೀರಲ್ಲಿ ತೊಳೆಯಿರಿ. ಆಮೇಲೆ ಸೋಪು. ಸೋಪು ಬಿದ್ದ ಕೂಡಲೇ ಹಳದಿ ಕಲೆ ಕೆಂಪಗಾಗುತ್ತೆ, ಗಾಬರಿ ಬೇಡ. ಅರಿಶಿನಕ್ಕೆ ಕ್ಷಾರ ತಾಗಿದ್ರೆ ಹಾಗೇ, ಆರತಿಗೆ ಅರಿಶಿನ–ಸುಣ್ಣ ಕಲಸಿದ್ರೆ ನೀರು ಕೆಂಪಾಗೋದೂ ಇದರಿಂದಲೇ. ತೊಳೆದು ನೇರ ಬಿಸಿಲಿಗೆ ಹಾಕಿ, ಬಿಸಿಲಿಗೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತೆ. ಕಲೆ ಹೋಗೋ ಮುಂಚೆ ಇಸ್ತ್ರಿ ಮಾಡಬೇಡಿ.

ಬನಶಂಕರಿ_ಬಸ್
ಡಬ್ಬಿಯ ರಿಂಗ್ ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ಚೂಪಾದ್ದು ಬೇಡ, ಚಮಚದ ಹಿಡಿಯಲ್ಲಿ ಎಬ್ಬಿಸಿದ್ರೆ ಬರುತ್ತೆ. ಅದರ ಕೆಳಗಿನ ಸಂದಿಯಲ್ಲಿ ಕಪ್ಪು ಬೂಷ್ಟು ಕೂತಿರುತ್ತೆ, ತೊಳೆದ ಡಬ್ಬಿಯೂ ವಾಸನೆ ಬರೋದಕ್ಕೆ ಅದೇ ಮೂಲ. ಪೂರ್ತಿ ಒಣಗಿದ ಮೇಲೇ ಹಾಕಿ. ಸಡಿಲ ಆಗಿದ್ರೆ ಹಳೇ ರಿಂಗನ್ನೂ ಮುಚ್ಚಳವನ್ನೂ ಚಿಕ್ಕಪೇಟೆ ಕಡೆಯ ಪಾತ್ರೆ ಅಂಗಡಿಗೆ ಒಯ್ದು, ಕೂರಿಸಿ ನೋಡಿಯೇ ತನ್ನಿ. ಅಳತೆ ಬಾಯಲ್ಲಿ ಹೇಳಿ ತಂದದ್ದು ಕೂರಲ್ಲ. ಅಲ್ಲೇ ಡಬ್ಬಿ ಮೇಲೂ ಮುಚ್ಚಳದ ಮೇಲೂ ಹೆಸರು ಕೊರೆಸಿಬಿಡಿ. ಐದು ಜನರದ್ದೂ ಒಂದೇ ಥರದ ಡಬ್ಬಿ ಆದ್ರೆ ಮುಚ್ಚಳ ಅದಲು ಬದಲಾಗಿ ಎಲ್ಲರದ್ದೂ ಸೋರುತ್ತೆ.

ಇಡ್ಲಿಬಟ್ಟಲು
ಇಷ್ಟೊಂದು ವಿಷಯ ಇದೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಹಂಚಿಕೊಳ್ಳೋ ವಿಚಾರ ಯಾರಾದ್ರೂ ಹೇಳಿ. ಒಬ್ಬ ಗೆಳೆಯ ದಿನಾ ಬರೀ ಉಪ್ಪಿನಕಾಯಿ ತರ್ತಾನೆ. ಒಳ್ಳೆಯವನೇ, ಅಡುಗೆ ಬರಲ್ಲ ಅಷ್ಟೇ. ಉಳಿದವರಿಗೆ ಒಳಗೊಳಗೇ ಬೇಸರ.

ಅಜ್ಜಿಮನೆ_ಅಡುಗೆ
ಅಡುಗೆ ಬರದವನಿಗೆ ಒಲೆ ಹಚ್ಚದ ಕೆಲಸ ಕೊಡಿ. ಐದು ಜನಕ್ಕೆ ಅರ್ಧ ಲೀಟರ್ ಮೊಸರು, ಎರಡು ಸೌತೆಕಾಯಿ, ಹಣ್ಣು. ಕೋಸಂಬರಿಯನ್ನೂ ಅವನೇ ಮಾಡಲಿ. ಅರ್ಧ ಲೋಟ ಹೆಸರುಬೇಳೆ ಎರಡು ಗಂಟೆ ನೆನೆಸಿ ಬಸಿದರೆ ಆಯ್ತು. ಉಪ್ಪು, ನಿಂಬೆ ತಿನ್ನೋ ಮುಂಚೆ ಹಾಕಬೇಕು, ಇಲ್ಲದಿದ್ರೆ ನೀರು ಬಿಡುತ್ತೆ.

ಕ್ಯೂಬಿಕಲ್_7
ಪಾಳಿಯನ್ನ ದಿನದ ಲೆಕ್ಕದಲ್ಲಿ ಹಂಚಬೇಡಿ. ಒಬ್ಬನೇ ಒಂದು ದಿನ ಐದು ಜನರ ಊಟ ಹೊತ್ತು ತರೋದು ಬಸ್ಸಲ್ಲಿ ಆಗದ ಕೆಲಸ, ಆತ ರಜೆ ಹಾಕಿದ್ರೆ ಎಲ್ಲರೂ ಉಪವಾಸ. ಪದಾರ್ಥದ ಲೆಕ್ಕದಲ್ಲಿ ಹಂಚಿ: ಈ ವಾರ ಒಬ್ಬರದ್ದು ಅನ್ನ, ಒಬ್ಬರದ್ದು ಚಪಾತಿ, ಒಬ್ಬರದ್ದು ಸಾರು, ಒಬ್ಬರದ್ದು ಪಲ್ಯ, ಒಬ್ಬರದ್ದು ಮೊಸರು–ಹಣ್ಣು. ಮುಂದಿನ ವಾರ ಒಂದೊಂದು ಮನೆ ಸರಿಸಿ.

ಅಳತೆ: ಅನ್ನವೇ ಮುಖ್ಯ ಊಟ ಆದ್ರೆ ತಲಾ 90–100 ಗ್ರಾಂ ಅಕ್ಕಿ, ಚಪಾತಿಯೂ ಇದ್ರೆ ಐದು ಜನಕ್ಕೆ ಒಟ್ಟು 300 ಗ್ರಾಂ ಸಾಕು. ಚಪಾತಿ ತಲಾ ಎರಡು. ಪಲ್ಯಕ್ಕೆ ಹೆಚ್ಚದ ತರಕಾರಿ ಮುಕ್ಕಾಲು ಕೆಜಿ, ಸಾರಿಗೆ 100 ಗ್ರಾಂ ಬೇಳೆ. ಹಿಂದಿನ ರಾತ್ರಿ ಒಂಬತ್ತಕ್ಕೆ ‘ನಾಳೆ ಬರಲ್ಲ’ ಅಂತ ಗುಂಪಿನಲ್ಲಿ ಹಾಕೋ ನಿಯಮ ಇಟ್ಕೊಳ್ಳಿ, ಬೆಳಗ್ಗೆ ಏಳರ ಮೇಲೆ ಹೇಳಿದ್ರೆ ಅಡುಗೆ ಆಗಿಹೋಗಿರುತ್ತೆ. ಶೇಂಗಾ ಆಗದೇ ಇರೋರು, ವಾರ–ವ್ರತ ಇರೋರು, ಬೆಳ್ಳುಳ್ಳಿ ತಿನ್ನದೇ ಇರೋರು ಯಾರು ಅಂತ ಮೊದಲ ದಿನವೇ ಕೇಳಿ ಬರೆದಿಡಿ. ಶೇಂಗಾ ಅಲರ್ಜಿ ಇದ್ರೆ ಅದನ್ನ ರುಚಿಯ ವಿಷಯ ಅಂತ ತಿಳ್ಕೋಬೇಡಿ, ಒಂದೇ ಚಮಚ ಎರಡು ಡಬ್ಬಿಗೆ ಹಾಕೋದೂ ಅಪಾಯ.

ಗಿರ್ಮಿಟ್
ಮತ್ತ ಡಬ್ಬಿ ಯಾರದರ ಇರ್ಲಿ, ಉಂಡ ಮ್ಯಾಲೆ ಅಲ್ಲೇ ಒಂದ್ಸಲ ತೊಳದು ಕೊಡ್ರಿ. ಸಂಜಿತನಕ ಮುಚ್ಚಿಟ್ಟ ಎಂಜಲ ಡಬ್ಬಿ ಮನಿಗೆ ಹೋಗಿ ತಗದ್ರ ಆ ವಾಸನಿ ಎರಡು ದಿನ ಹೋಗಂಗಿಲ್ಲ.

ಇಡ್ಲಿಬಟ್ಟಲು
ಪದಾರ್ಥದ ಲೆಕ್ಕ ಬಹಳ ಚೆನ್ನಾಗಿದೆ, ಈಗಲೇ ಗುಂಪಿಗೆ ಹಾಕ್ತೀನಿ. ನಾಳೆ ಗುರುವಾರ, ಒಬ್ಬರು ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಪಲ್ಯ ನಂದು. ಹುರುಳಿಕಾಯಿ ತಂದಿದೀನಿ. ಕಾಯಿತುರಿ ಹಾಕಬಹುದಾ?

ಮಲ್ನಾಡ್_ಮಳೆ
ಹಾಕಿ. ಆದ್ರೆ ಮೇಲಿಂದ ಹಸಿಯಾಗಿ ಉದುರಿಸಬೇಡಿ. ಮುಕ್ಕಾಲು ಕೆಜಿ ಕಾಯಿಗೆ ಒಂದು ಹಿಡಿ ತುರಿ, ಬೆಂದು ನೀರು ಪೂರ್ತಿ ಇಂಗಿದ ಮೇಲೆ ಹಾಕಿ ಎರಡು–ಮೂರು ನಿಮಿಷ ಪಲ್ಯದ ಜತೆಗೇ ಹುರಿದು ಇಳಿಸಿ. ಒಗ್ಗರಣೆಗೆ ಇಂಗು ಸ್ವಲ್ಪ ಮುಂದಾಗಿರಲಿ. ಹುರುಳಿಕಾಯಿ ಬೇಯಿಸುವಾಗ ಮುಚ್ಚಳ ಮುಚ್ಚಬೇಡಿ, ಹಸಿರು ಬಣ್ಣ ಉಳಿಯುತ್ತೆ. ಉಪ್ಪು ಕೊನೆಗೆ.